ಎರಡು ವಾಲ್ವ್‌ಗಳ ಬೆಳಗು

ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ, ಚಪ್ಪಡಿ ಸರಿಸಿದ ಗುಂಡಿಯೊಳಗೆ ಬಡಾವಣೆಗೆ ನೀರು ಬಿಡುವ ನೀರುಗಂಟಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಒಂದು ಕೈ ಪೈಪಿನ ಮೇಲೆ, ಇನ್ನೊಂದರಲ್ಲಿ ವಾಲ್ವ್ ತಿರುಗಿಸುವ ಕಬ್ಬಿಣದ ಕೀ. ಒಂದಿಷ್ಟು ತಿರುಗಿಸುತ್ತಾರೆ, ನಿಲ್ಲಿಸುತ್ತಾರೆ. ಒಳಗಿನ ಗಾಳಿ ಬುಸ್ಸೆನ್ನುತ್ತದೆ. ಅದು ಸುಮ್ಮನಾಗುವವರೆಗೆ ಕೀ ಅಲುಗಿಸುವುದಿಲ್ಲ. ಇವರ ಬಗ್ಗೆ ಬರೆಯಲು ಬಂದ ನಾನು ಗುಂಡಿಯ ಅಂಚಿನಲ್ಲಿ ನಿಂತಿದ್ದೇನೆ.

ನಿನ್ನೆ ರಜೆ ಹಾಕಿ ಹೆಂಡತಿಯನ್ನು ಇದೇ ಆಸ್ಪತ್ರೆಗೆ ಸೇರಿಸಿದರು. ಬದಲಿಗೆ ಬಂದಾತ ವಾಲ್ವನ್ನು ಒಂದೇ ಸಲಕ್ಕೆ ಪೂರ್ತಿ ತೆರೆದ. ನುಗ್ಗಿದ ನೀರಿನ ಹೊಡೆತಕ್ಕೆ ಹಳೆಯ ಪೈಪಿನ ಜಾಯಿಂಟ್ ಬಿರುಕು ಬಿಟ್ಟಿತು. ಸದ್ಯಕ್ಕೆ ಪಟ್ಟಿ ಬಿಗಿದಿದ್ದಾರೆ. ಆಸ್ಪತ್ರೆಯ ಟ್ಯಾಂಕ್ ಬರಿದಾಗಿದೆ. ಎಂಟರೊಳಗೆ ನೀರು ಏರದಿದ್ದರೆ ಇವತ್ತಿನ ಆಪರೇಷನ್‌ಗಳೆಲ್ಲ ಮುಂದಕ್ಕೆ. ಮೊದಲನೆಯದೇ ಅವರ ಹೆಂಡತಿಯದು. ಇನ್ನು ತಡ ಮಾಡುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ.

"ಬೇಗ ಬಿಡಿ ಅಣ್ಣಾ, ಒಳಗಿರೋದು ನಿಮ್ಮ ಮನೆಯವರೇ ಅಲ್ವಾ!" ಆಸ್ಪತ್ರೆಯ ಕಾವಲುಗಾರ ಕೂಗುತ್ತಾನೆ.

"ಅದಕ್ಕೇ ನಿಧಾನ."

ಕೆಟ್ಟಿರುವುದು ಆಕೆಯ ಹೃದಯದ ವಾಲ್ವ್. ಡಾಕ್ಟರು ಹಾಗೆಂದಾಗ ಇವರಿಗೆ ನಿಂತ ನೆಲವೇ ಕುಸಿದಂತಾಯಿತಂತೆ. ಹೆಂಡತಿ ಮಾತ್ರ ನಕ್ಕರು: "ಊರಿನ ವಾಲ್ವೆಲ್ಲಾ ನೋಡ್ಕೊಂಡ್ರಿ, ಮನೇದು ಕೆಟ್ಟಿದ್ದು ಗೊತ್ತಾಗ್ಲಿಲ್ಲ ನೋಡಿ!" ದೀಪದ ಬುಡದಲ್ಲೇ ಕತ್ತಲು.

ಕಾಲೇಜಿಗೆ ಹೋಗುವ ಮಗಳು ನಿಘಂಟು ತೆರೆದಳು. ಲ್ಯಾಟಿನ್ನಿನ 'ವಾಲ್ವಾ'ದಿಂದ ಬಂದ ಪದ. ಮಡಚುವ ಬಾಗಿಲಿನ ಒಂದು ಕದ ಎಂದರ್ಥ. ಡಾಕ್ಟರೂ ಎಂಜಿನಿಯರೂ ಗತ್ತಿನಿಂದ ಆಡುವ ಪದ, ಮೂಲದಲ್ಲಿ ಬರೀ ಮನೆಬಾಗಿಲಿನ ಕದ! "ಹೆಸರು ಕೇಳೇ ಕೈಕಾಲು ತಣ್ಣಗಾಗಿತ್ತು," ಎನ್ನುತ್ತಾರೆ ನೀರುಗಂಟಿ. "ಬಾಗಿಲು ಅಂತ ಗೊತ್ತಾದ್ಮೇಲೆ ಸ್ವಲ್ಪ ಧೈರ್ಯ ಬಂತು. ಬಾಗಿಲು ಕೆಟ್ರೆ ಸರಿಮಾಡ್ಬೋದಲ್ವಾ?"

ಅಷ್ಟರಲ್ಲಿ ಜಾಯಿಂಟಿನಿಂದ ನೀರು ಚಿಮ್ಮುತ್ತದೆ. ಅವರು ಕೀಯನ್ನು ತುಸು ಹಿಂದಕ್ಕೆ ತಿರುಗಿಸಿ, ಪೈಪಿಗೆ ಅಂಗೈ ಊರಿ ಕಾಯುತ್ತಾರೆ. ಕಾವಲುಗಾರ ಗಡಿಯಾರ ನೋಡಿ ಗೊಣಗುತ್ತಾನೆ. ಎಲ್ಲರಿಗೂ ಆತುರ, ಪೈಪಿನ ವಯಸ್ಸು ಯಾರಿಗೆ ಬೇಕು? ಚಿಮ್ಮುತ್ತಿದ್ದದ್ದು ತೊಟ್ಟಿಕ್ಕುವಷ್ಟಕ್ಕೆ ಇಳಿಯುತ್ತದೆ. ಮತ್ತೆ ಒಂದಿಷ್ಟು ತಿರುಗಿಸುತ್ತಾರೆ. ಮತ್ತೆ ಕಾಯುತ್ತಾರೆ.

ಬಿಸಿಲು ಆಸ್ಪತ್ರೆಯ ಗೋಡೆ ಮುಟ್ಟಿದಾಗ ಮೇಲಿನ ಕಿಟಕಿಯಿಂದ ಮಗಳು ಕೂಗುತ್ತಾಳೆ: "ಅಪ್ಪಾ, ಟ್ಯಾಂಕಿಗೆ ನೀರು ಬಂತು! ಅಮ್ಮನ್ನ ಒಳಗೆ ಕರ್ಕೊಂಡು ಹೋಗ್ತಿದ್ದಾರೆ!"

ನೀರುಗಂಟಿ ಮೇಲೆ ಬಂದು ಚಪ್ಪಡಿ ಎಳೆಯುತ್ತಾರೆ. ಕೀ ಒರೆಸಿ ಹೆಗಲಿಗಿಟ್ಟುಕೊಂಡು ಮೇಲಿನ ಕಿಟಕಿಯತ್ತ ನೋಡುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಆ ಡಾಕ್ಟ್ರಿಗೆ ಯಾರೂ ಬೇಗ ಬೇಗ ಅನ್ನದೇ ಇರ್ಲಿ ಸಾರ್. ಅಷ್ಟೇ."