ಕಳಶದ ಬುಡದಲ್ಲಿ ಚೀನಾ ನೋಟು

ಕಳೆದ ದೀಪಾವಳಿಯ ಲಕ್ಷ್ಮೀಪೂಜೆಗೆ ಹೊನ್ನಾಳಿಯ ನಮ್ಮ ಮನೆಯಲ್ಲಿ ಕೈಮುಗಿದು ನಿಂತಿದ್ದೆ. ಕಣ್ಣು ಬಿಟ್ಟರೆ ಕಳಶದ ಬುಡದಲ್ಲಿ ನನ್ನ ಚೀನಾ ನೋಟು. ಪ್ಲಾಸ್ಟಿಕ್ ಕವರಿನಿಂದ ಅದನ್ನು ಹೊರಗೆ ತೆಗೆದು, ನಟ್ಟನಡುವೆ ಒದ್ದೆ ಅರಿಸಿನ, ಅದರ ಮೇಲೆ ಕುಂಕುಮ ಇಟ್ಟಾಗಿತ್ತು.

ನೂರು ವರ್ಷದ ಹಿಂದೆ ಮಂಚೂರಿಯಾ ಕಡೆ ತಾನೇ ಆಳುತ್ತಿದ್ದ ಸೇನಾಧಿಪತಿಯೊಬ್ಬ ಅಚ್ಚು ಹಾಕಿಸಿದ ನೋಟದು. ಬರಿಗೈಯಲ್ಲಿ ಮುಟ್ಟಲು ನಾನೇ ಹೆದರುತ್ತಿದ್ದೆ. ಅದನ್ನು ಕೊಟ್ಟು ಚೀನಾದ ಯುನ್ನಾನ್ ಪ್ರಾಂತ್ಯದ ನೋಟೊಂದನ್ನು ಪಡೆಯುವ ಮಾತಾಗಿತ್ತು. ನನ್ನಂತೆಯೇ ಹಳೇ ಚೀನಾ ನೋಟಿನ ಹುಚ್ಚಿರುವ ನ್ಯಾಮತಿಯ ಬಳೆ ವ್ಯಾಪಾರಿ ರಹಮತ್ ಸಾಬರು ಆ ಯುನ್ನಾನ್ ನೋಟು ಹಿಡಿದು ಪಡಸಾಲೆಯಲ್ಲೇ ಕುಳಿತಿದ್ದರು.

ಕುಂಕುಮ ಇಟ್ಟವರು ಹಬ್ಬಕ್ಕೆಂದು ಸೊಕ್ಕೆ ಊರಿನಿಂದ ಬಂದಿದ್ದ ನಮ್ಮ ಅತ್ತೆ. ಹೆಂಡತಿಯಾಗಿದ್ದರೆ ರೇಗಬಹುದಿತ್ತು. "ಅತ್ತೆ, ಅದು ಚೀನಾದ್ದು" ಎಂದಷ್ಟೇ ಹೇಳಿದೆ.

"ಚೀನಾದ್ದಾದ್ರೇನು, ದುಡ್ಡು ಅಂದಮ್ಯಾಲೆ ಲಕ್ಷ್ಮಿ ಅಲ್ವೇನ್ರಿ? ಬೀರುನಾಗೆ ಒಂದೇ ಕುಂತಿತ್ತು, ಪಾಪ" ಎನ್ನುತ್ತ ಅವರು ಆರತಿ ಬೆಳಗಿದರು.

ರಹಮತ್ ಸಾಬರು ಕಳಶವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ತಮ್ಮ ನೋಟನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿದರು. "ನಿಮ್ಮನೆ ಲಕ್ಷ್ಮೀನ ನಾನು ಒಯ್ಯಾಕೆ ಆಗ್ತೈತೇನ್ರಿ? ಹೋಳಿಗೆ ಹಾಕ್ಸ್ರಿ, ಸಾಕು."

ಆ ಸೇನಾಧಿಪತಿಯ ಆಳ್ವಿಕೆ ಬಿದ್ದ ಮೇಲೆ ಅವನ ನೋಟನ್ನು ಅವನೂರಿನ ಅಂಗಡಿಯವರೇ ಮುಟ್ಟಲಿಲ್ಲವಂತೆ. ಅದಕ್ಕೆ ಆರತಿ ಎತ್ತಿದವರು ನಮ್ಮ ಅತ್ತೆ ಒಬ್ಬರೇ ಇರಬೇಕು. ಕುಂಕುಮದ ಕಲೆ ಹಾಗೇ ಇದೆ, ನಾನೂ ತೆಗೆಯಲು ಹೋಗಿಲ್ಲ. ಈ ಸಲ ಹಬ್ಬ ಹತ್ತಿರವಾದಾಗ ಅತ್ತೆ ಫೋನಿನಲ್ಲಿ ಮೊದಲು ಕ್ಷೇಮ ವಿಚಾರಿಸಿದ್ದು ಅಳಿಯನದ್ದಲ್ಲ, ನೋಟಿನದ್ದು.