ದೋಣಿಯ ತಪ್ಪಲ್ಲ

ಸಂಗ್ವಿಯನ್ ಹುಟ್ಟಿದಾಗ ಅಳಲಿಲ್ಲವಂತೆ. ಸೂಲಗಿತ್ತಿ ಬೆನ್ನಿಗೆ ಎರಡು ಬಾರಿಸಿದಳು. ಕೂಸು ಅವಳ ಮುಖ ನೋಡಿತು, ಪಾಪ, ಈಯಮ್ಮನಿಗೆ ಯಾಕೆ ಬೇಜಾರು ಮಾಡುವುದು ಎಂದು ಸಣ್ಣಗೆ ನಕ್ಕು ಸುಮ್ಮನಾಯಿತು. ಈ ಕಥೆಯನ್ನು ಅವನ ಹೆತ್ತ ತಾಯಿಯೇ ಸಕೇಕ್ರಂಗ್ ನದಿಯ ಎರಡೂ ದಡದಲ್ಲಿ ಹೇಳಿಕೊಂಡು ತಿರುಗಿದ್ದಾಳೆ, ಆದ್ದರಿಂದ ಸುಳ್ಳಿರಲಾರದು. ಸುಳ್ಳಿದ್ದರೂ ಹಾಗೆಂದು ಅವಳಿಗೆ ಹೇಳುವ ಗಂಡಸು ಉಥೈಥಾನಿಯಲ್ಲಿ ಹುಟ್ಟಿರಲಿಲ್ಲ. ನಮ್ಮೂರಿನಲ್ಲಿ ಒಬ್ಬರ ಮುಖಕ್ಕೆ ಹೊಡೆದ ಹಾಗೆ ಮಾತಾಡುವುದಕ್ಕಿಂತ ನದಿಗೆ ಹಾರುವುದು ಸುಲಭ. ನದಿಯಾದರೂ ಮನೆಯ ಕೆಳಗೇ ಇದೆ.

ಹಾಗೆ ನೋಡಿದರೆ ಊರೆಲ್ಲ ದಾಕ್ಷಿಣ್ಯದ್ದೇ. ಆದರೆ ಸಂಗ್ವಿಯನ್ ಅದರಲ್ಲಿ ಪದಕ ಗೆಲ್ಲುವ ಜಾತಿಯವನು. ಬಾತುಕೋಳಿ ಹಾಕಿದ ಶಾವಿಗೆ ಕೇಳಿದರೆ ಮೀನಿನ ಉಂಡೆ ಹಾಕಿದ್ದನ್ನು ತಂದಿಡುತ್ತಿದ್ದರು, ತಿಂದು ಎದ್ದು ಬರುತ್ತಿದ್ದ. ಒಮ್ಮೆ ಅಂಗಡಿಯವಳು ಎರಡು ಅಳತೆ ದೊಡ್ಡ ಬೂಟು ಕೊಟ್ಟಳು. ಅವಳ ಮನಸ್ಸು ನೋಯಬಾರದೆಂದು ಅದರೊಳಗೆ ಬೂರುಗದ ಹತ್ತಿ ತುಂಬಿಕೊಂಡು ಬೂಟು ಸವೆಯುವ ತನಕ ನಡೆದ. ಹಲ್ಲಿನ ವೈದ್ಯರೊಬ್ಬರು ನೋಯುವ ಹಲ್ಲು ಬಿಟ್ಟು ಪಕ್ಕದ್ದನ್ನು ಕಿತ್ತಾಗ ಇವನು ಕೈಮುಗಿದು, ಇದನ್ನೂ ಒಂದು ದಿನ ಕೀಳಿಸಬೇಕು ಅಂತಲೇ ಇದ್ದೆ ಎಂದನಂತೆ. ನೋಯುವ ಹಲ್ಲಿಗೆ ಮರುವಾರ ಬೇರೆ ಊರಿಗೆ ಹೋದ.

ನದಿಯ ಮೇಲೆ ಬಿದಿರಿನ ತೆಪ್ಪದ ಮನೆ. ತೆಪ್ಪದ ಪಕ್ಕಕ್ಕೆ ಕಟ್ಟಿದ ಬಲೆಯ ಪಂಜರದಲ್ಲಿ ರೇತ್ ಮೀನು ಸಾಕುವುದು ಅವನ ಕಸುಬು. ಮೀನಿಗೆ ಮುಂಜಾನೆ ಸೊಪ್ಪು ಹಾಕುವುದು, ಸಂಜೆ ಸೊಪ್ಪು ಹಾಕುವುದು, ನಡುವೆ ಹೆಂಡತಿ ಲಮೈ ಹೇಳಿದ್ದಕ್ಕೆ ಹೂಂ ಅನ್ನುವುದು. ಅವನ ಮೀನುಗಳೂ ಅವನ ಹಾಗೆಯೇ ಎಂದು ಜನ ಆಡಿಕೊಳ್ಳುತ್ತಿದ್ದರು. ಬಾಣಲೆಗೆ ಬಿದ್ದಾಗಲೂ ಅವು, ಎಣ್ಣೆ ಹದವಾಗಿದೆ, ತೊಂದರೆ ತಗೋಬೇಡಿ ಅನ್ನುತ್ತವಂತೆ.

ಅವನ ತೆಪ್ಪದಿಂದ ಸ್ವಲ್ಪ ಕೆಳಗೆ ಬುನ್‌ಚುಯ್‌ನ ತೆಪ್ಪ. ಮುಂದಿನ ಅರ್ಧ ಕ್ಷೌರದಂಗಡಿ, ಹಿಂದಿನ ಅರ್ಧ ಮನೆ. ಇಬ್ಬರೂ ದೇವಾಲಯದ ಶಾಲೆಯಲ್ಲಿ ಒಂದೇ ಬೆಂಚಿನವರು. ಬುನ್‌ಚುಯ್ ಒಂದು ವರ್ಷಕ್ಕೆ ದೊಡ್ಡವನಾದ್ದರಿಂದ ಅಣ್ಣ. ಮೀಸೆ ಬಂದಾಗಿನಿಂದ ಸಂಗ್ವಿಯನ್ ತನ್ನ ತಲೆಯನ್ನು ಬೇರೆ ಯಾರ ಕೈಗೂ ಕೊಟ್ಟವನಲ್ಲ. ಹೋಗುವಾಗೆಲ್ಲ ಪಂಜರದಿಂದ ಒಂದು ಮೀನು ಹಿಡಿದು, ಕಿವಿರಿಗೆ ಜೊಂಡಿನ ದಾರ ಪೋಣಿಸಿ ಒಯ್ಯುತ್ತಿದ್ದ. ಬುನ್‌ಚುಯ್ ಎರಡೂ ಕೈಯಲ್ಲಿ ಇಸಿದುಕೊಂಡು, ಅಯ್ಯೋ, ಇಂಥ ಮೀನು ರಾಜರಿಗೂ ಸಿಗಲ್ಲ ಅನ್ನುತ್ತಿದ್ದ.

ನೀರಿನ ಮೇಲಿನ ಅಂಗಡಿಯಲ್ಲಿ ಒಂದು ಅನುಕೂಲವಿತ್ತು. ಮೋಟಾರು ದೋಣಿ ಹೋದರೆ ಅಲೆ ಎದ್ದು ತೆಪ್ಪ ತೂಗುತ್ತದೆ, ಕತ್ತರಿ ಒಂದು ಕೂದಲು ಆಚೆ ಈಚೆ ಹೋಗುತ್ತದೆ. ಆಗ ಗಿರಾಕಿಯೇ, ಹಾಳು ದೋಣಿ ಅನ್ನಬೇಕು. ಕ್ಷೌರಿಕ, ಹೂಂ, ದೋಣಿ ಅನ್ನಬೇಕು. ಅಲ್ಲಿಗೆ ಮುಗಿಯಿತು. ದೊಡ್ಡ ನೆರೆಯ ವರ್ಷ ಅಂಗಡಿಯ ಹಗ್ಗವೇ ಹರಿದು, ಅರ್ಧ ತಲೆ ಕತ್ತರಿಸಿಕೊಂಡಿದ್ದ ಗಿರಾಕಿಯ ಸಮೇತ ತೆಪ್ಪ ಚಾವೊಪ್ರಯಾ ನದಿಯ ತನಕ ತೇಲಿಹೋಗಿತ್ತು. ಅದನ್ನು ಎಳೆದು ತರುವ ಹೊತ್ತಿಗೆ ಕತ್ತರಿಸಿದ ಅರ್ಧವೂ ಬೆಳೆದು ಎರಡೂ ಕಡೆ ಸಮವಾಗಿತ್ತಂತೆ. ಗಿರಾಕಿ, ಭಾಳ ಚೆನ್ನಾಗಿದೆ ಎಂದು ಹೇಳಿ ಇಳಿದುಹೋದ.

ಆದರೆ ಈಚೆಗೆ ದೋಣಿಗಳು ಲೆಕ್ಕಕ್ಕಿಂತ ಹೆಚ್ಚು ತಪ್ಪು ಮಾಡತೊಡಗಿದ್ದವು. ಒಂದು ಕಿವಿಯ ಮುಂದಿನ ಕೂದಲು ಮೇಲೆ, ಇನ್ನೊಂದು ಕಿವಿಯದು ಕೆಳಗೆ. ಹಿಂದಲೆಯಲ್ಲಿ ಮೆಟ್ಟಿಲು. ನಿವೃತ್ತ ಮೇಷ್ಟರ ನೆತ್ತಿಯಲ್ಲಿ ಕಾಗೆ ಗೂಡು ಕಟ್ಟಿ ಬಿಟ್ಟುಹೋದ ಹಾಗಿತ್ತು. ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ಕನ್ನಡಿ ನೋಡಿದರು, ತಲೆದೂಗಿದರು, ದೋಣಿಯನ್ನು ಬೈದು ಎದ್ದುಹೋದರು.

ಹೀಗಿರುವಾಗ ಸಂಗ್ವಿಯನ್‌ನ ಒಬ್ಬಳೇ ಮಗಳು ಕುಂಗ್‌ಳ ಮದುವೆ ಗೊತ್ತಾಯಿತು. ಕುಂಗ್ ಎಂದರೆ ಸೀಗಡಿ. ಹುಟ್ಟಿದಾಗ ಹಾಗೆ ಮುದುಡಿಕೊಂಡು ಕೆಂಪಗಿದ್ದಳೆಂದು ಮನೆಯಲ್ಲಿ ಇಟ್ಟ ಹೆಸರು, ಅದೇ ಉಳಿಯಿತು. ಮದುವೆಯಲ್ಲಿ ತಂದೆ ಮುಂದೆ ನಿಂತು ಶಂಖದಿಂದ ವಧೂವರರ ಕೈಗೆ ನೀರೆರೆಯಬೇಕು, ಅದರ ಫೋಟೋ ಗೋಡೆಗೆ ಹಾಕಬೇಕು. ನೀರೆರೆಯುವವನು ತಲೆ ಬಗ್ಗಿಸುತ್ತಾನೆ, ಬಗ್ಗಿಸಿದರೆ ನೆತ್ತಿ ಕಾಣುತ್ತದೆ. ಲಮೈಗೆ ಅದೇ ಚಿಂತೆ. ಸಂಗ್ವಿಯನ್, ಈ ಸಲ ಅಣ್ಣನಿಗೆ ಮೊದಲೇ ಒಂದು ಮಾತು ಹೇಳುತ್ತೇನೆ ಎಂದು ಹೊರಟ.

ಹೇಳುವುದಕ್ಕೆ ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಬುನ್‌ಚುಯ್ ಕ್ಷೌರದ ಕತ್ತಿಯನ್ನು ಅವನ ಗಂಟಲಮಣಿಯ ಮೇಲೆ ಇಟ್ಟಿದ್ದ. ಗಂಟಲ ಮೇಲೆ ಕತ್ತಿ ಇರುವಾಗ ದೂರು ಹೇಳಿದವನು ಸಯಾಮಿನ ಚರಿತ್ರೆಯಲ್ಲೇ ಇಲ್ಲ. ಇದ್ದಿದ್ದರೂ ಅವನ ಮಾತು ಪೂರ್ತಿ ಆಗಿರಲಿಕ್ಕಿಲ್ಲ. ಸಂಗ್ವಿಯನ್ ಬಾಯಿ ಮುಚ್ಚಿದ. ಕತ್ತಿ ಕೆನ್ನೆಗೆ ಹೋಯಿತು, ಕೆನ್ನೆಯಿಂದ ಕಿವಿಗೆ ಹೋಯಿತು. ಕಿವಿಯ ತುದಿ ಚುರ್ರೆಂದಿತು. ಬಿಳಿ ಬಟ್ಟೆಯ ಮೇಲೆ ರಕ್ತದ ಹನಿ ಬಿತ್ತು.

ಹಾಳು ದೋಣಿ, ಎಂದ ಸಂಗ್ವಿಯನ್, ರೂಢಿಯಂತೆ.

ಅಂದ ಮೇಲೆ ಕಿವಿಗೊಟ್ಟು ಕೇಳಿದ. ನದಿಯಲ್ಲಿ ಒಂದು ದೋಣಿಯೂ ಇರಲಿಲ್ಲ. ಅಂತರಗಂಗೆಯ ಹಸಿರು ಗುಂಪೊಂದು ಸದ್ದಿಲ್ಲದೆ ತೇಲಿಹೋಗುತ್ತಿತ್ತು, ಅಷ್ಟೆ. ತೆಪ್ಪ ಮಣ್ಣಿನ ನೆಲದ ಹಾಗೆ ನಿಂತಿತ್ತು. ಬುನ್‌ಚುಯ್‌ನೂ ತಲೆ ಓರೆ ಮಾಡಿ ಆ ಖಾಲಿ ನದಿಯನ್ನು ಒಂದು ಗಳಿಗೆ ಆಲಿಸಿದ. ಆಮೇಲೆ ಮೆಲ್ಲಗೆ, ಹೂಂ, ದೋಣಿ, ಎಂದ.

ಮನೆಯಲ್ಲಿ ಲಮೈ ಕಿವಿಗೆ ಅರಿಸಿನ ಒತ್ತಿದಳು. ಬಾಯಿಗೆ ಮಾತ್ರ ಏನೂ ಒತ್ತಿಕೊಳ್ಳಲಿಲ್ಲ.

"ಕುಂಗ್ ಅಪ್ಪಾ, ಇವತ್ತು ಕಿವಿ. ನಾಳೆ ಇನ್ಯಾರ್ದೋ ಗಂಟ್ಲು. ನೀನಾಗಿ ಹೇಳ್ತೀಯೋ, ನಾನು ಹೋಗಿ ಹೇಳ್ಲೋ?"

"ಅವ್ನಿಗಿರೋದು ಅದೊಂದೇ ಕೆಲ್ಸ ಕಣೆ. ಚೆನ್ನಾಗಿಲ್ಲ ಅಂದ್ರೆ ಅವ್ನಿಗೆ ಉಳಿಯೋದೇನು?"

"ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ವಂತೆ. ನಿನ್ನ ನೋಡೇ ಮಾಡಿರ್ಬೇಕು ಗಾದೆ."

ಹೇಳದೆಯೇ ಪಾರಾಗುವ ದಾರಿಯೊಂದಿತ್ತು. ಪೇಟೆಯ ಗಡಿಯಾರದ ಕಂಬದ ಹತ್ತಿರ ತುಕ್ ಎಂಬ ಹೆಂಗಸು ಹೊಸ ಕಟಿಂಗ್ ಅಂಗಡಿ ಇಟ್ಟಿದ್ದಳು. ಸಂಗ್ವಿಯನ್ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು, ಕದ್ದು ಬರುವ ಬೇರೆಯವರ ಗಂಡನಂತೆ ಗೋಡೆಯ ಪಕ್ಕಕ್ಕೆ ನಡೆದು ಅಲ್ಲಿಗೆ ಹೋದ. ಒಳಗೆ ಬೆಂಚಿನ ಮೇಲೆ ನಾಲ್ಕೈದು ಜನ ಮುಖದ ಮುಂದೆ ಪೇಪರು ಹಿಡಿದು ಕೂತಿದ್ದರು. ಒಬ್ಬರ ಪೇಪರು ತಲೆಕೆಳಗಾಗಿತ್ತು. ಅದರ ಮೇಲಂಚಿನಲ್ಲಿ ಕಾಗೆಗೂಡು ಕಾಣಿಸಿದಾಗ ಅವರು ಮೇಷ್ಟರೆಂದು ತಿಳಿಯಿತು. ಹಿಂದಿನ ಕನ್ನಡಿಯಲ್ಲಿ ಕಂಡ ಉಳಿದ ಹಿಂದಲೆಗಳೂ ಗುರುತಿನವೇ, ಎಲ್ಲದರಲ್ಲೂ ಅದೇ ಮೆಟ್ಟಿಲು.

ತುಕ್ ತಲೆಯೆತ್ತದೆ ಕೇಳಿದಳು. "ಮಾವ, ನಿಮ್ದು ಹೊಸದೋ, ಇಲ್ಲ ತೆಪ್ಪದ ರಿಪೇರಿನೋ?"

ಆಗ ಅವನಿಗೆ ಊರಿನ ಗುಟ್ಟು ಅರ್ಥವಾಯಿತು. ಎಲ್ಲರೂ ಮೊದಲು ಬುನ್‌ಚುಯ್ ಹತ್ತಿರ ಹೋಗಿ ಕೆಡಿಸಿಕೊಳ್ಳುತ್ತಾರೆ, ಭಾಳ ಚೆನ್ನಾಗಿದೆ ಅನ್ನುತ್ತಾರೆ, ಕಾಸು ಕೊಡುತ್ತಾರೆ. ಅಲ್ಲಿಂದ ಸೀದಾ ಇಲ್ಲಿಗೆ ಬಂದು ಸರಿಮಾಡಿಸಿಕೊಂಡು ಮತ್ತೊಮ್ಮೆ ಕಾಸು ಕೊಡುತ್ತಾರೆ. ಒಂದು ತಲೆಗೆ ಇಬ್ಬರು ಕ್ಷೌರಿಕರು. ಸಂಗ್ವಿಯನ್‌ಗೆ ನಗು ಬರಬೇಕಿತ್ತು, ಬರಲಿಲ್ಲ. ಇಡೀ ಊರು ಬೆನ್ನ ಹಿಂದೆ ನಗುತ್ತಿರುವಾಗ ಬುನ್‌ಚುಯ್ ಒಬ್ಬನೇ ಆ ಖಾಲಿ ನದಿಗೆ ಕಿವಿಗೊಟ್ಟು ನಿಂತಿದ್ದು ಕಣ್ಣಿಗೆ ಕಟ್ಟಿತು. ನಾನೂ ಇಲ್ಲಿ ಕೂತರೆ ಅವನಿಗೆ ಯಾರೂ ಇಲ್ಲ ಎಂದುಕೊಂಡು, ಟೋಪಿ ತೆಗೆಯದೆ ಹಿಂದಿರುಗಿದ. ಹೇಳಿದರೆ ಸ್ನೇಹ ಹೋಗುತ್ತದೆ. ಹೇಳದಿದ್ದರೆ ಉಳಿಯುವುದು ಸ್ನೇಹವೇ ಅಲ್ಲ. ಆ ರಾತ್ರಿ ಅವನು ಮೀನಿಗೆ ಸೊಪ್ಪು ಹಾಕುವುದನ್ನೂ ಮರೆತ. ಮೀನುಗಳೇನೂ ದೂರಲಿಲ್ಲ.

ಮರುದಿನ ಬುಧವಾರ. ಬುಧವಾರ ತಲೆಗೆ ಕತ್ತರಿ ಮುಟ್ಟಿಸಬಾರದು, ಕೇಡು. ನಾಡಿನ ಕ್ಷೌರದಂಗಡಿಗಳೆಲ್ಲ ಮುಚ್ಚಿರುತ್ತವೆ. ಸಂಗ್ವಿಯನ್ ಬೇಕೆಂದೇ ಆ ದಿನ ಆರಿಸಿದ. ಬುಧವಾರ ಬುನ್‌ಚುಯ್ ಕೈಯಲ್ಲಿ ಕತ್ತಿ ಇರುವುದಿಲ್ಲವಲ್ಲ. ಜೊಂಡಿನ ದಾರದಲ್ಲಿ ದಪ್ಪನೆಯ ಮೀನೊಂದನ್ನು ತೂಗಿಸಿಕೊಂಡು ಹೋದ.

ಬುನ್‌ಚುಯ್ ತೆಪ್ಪದ ಅಂಚಿಗೆ ಸಿಕ್ಕಿಕೊಂಡ ಅಂತರಗಂಗೆಯನ್ನು ಬಿದಿರುಗಳದಿಂದ ನೂಕುತ್ತಿದ್ದ. ಗಳ ಅರ್ಧಕ್ಕರ್ಧ ಸಲ ಗಿಡ ಬಿಟ್ಟು ಬರಿ ನೀರಿಗೆ ಬೀಳುತ್ತಿತ್ತು. ಸಂಗ್ವಿಯನ್ ಅದನ್ನು ನೋಡಿದ, ನೋಡಲಿಲ್ಲವೆಂಬಂತೆ ಇನ್ನೊಂದು ಗಳ ತೆಗೆದುಕೊಂಡ. ನೀರು ಏರುತ್ತಿದೆ ಎಂದು ಮಾತಾಡಿದರು. ಈ ಸಲ ಸೀಬೆ ಹುಳಿ ಎಂದು ಮಾತಾಡಿದರು. ಮೇಷ್ಟರ ನಾಯಿ ಮರಿ ಹಾಕಿದ್ದನ್ನೂ ಮಾತಾಡಿದರು. ಮಾತೆಲ್ಲ ಮುಗಿದು, ನೂಕಲು ಗಿಡವೂ ಮುಗಿಯಿತು. ಇನ್ನು ಉಳಿದದ್ದು ಅದೊಂದೇ. ಸಂಗ್ವಿಯನ್ ಗಳವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನೀರನ್ನೇ ನೋಡುತ್ತ ಹೇಳಿದ.

"ಅಣ್ಣಾ, ಮೊನ್ನೆ ನನ್ನ ಕಿವಿ ಕುಯ್ದಾಗ ದೋಣಿ ಯಾವ್ದೂ ಹೋಗ್ಲಿಲ್ಲ."

ಬುನ್‌ಚುಯ್ ಹಲಗೆಯ ಮೇಲೆ ಮೆಲ್ಲಗೆ ಕುಕ್ಕರಿಸಿದ. ಮುಗಿಯಿತು, ಹಾಳಾಯಿತು ಎಂದು ಸಂಗ್ವಿಯನ್ ಕಣ್ಣು ಮುಚ್ಚಿಕೊಂಡ. ಆಗ ಪಕ್ಕದಿಂದ ಒಂದು ನಿಟ್ಟುಸಿರು ಬಂತು. ಎಂಥ ನಿಟ್ಟುಸಿರು ಅನ್ನುತ್ತೀರಿ, ದೂರ ಹೋಗುತ್ತಿದ್ದ ಅಂತರಗಂಗೆ ಇನ್ನೂ ಒಂದು ಮಾರು ಮುಂದಕ್ಕೆ ಹೋಯಿತಂತೆ.

"ಅಂತೂ ಒಬ್ಬ ಹೇಳ್ದ," ಎಂದ ಬುನ್‌ಚುಯ್. "ಬಲಗಣ್ಣಲ್ಲಿ ಬರೀ ಹೊಗೆ ಕಣೋ, ವಿಯನ್. ಎಡಗಣ್ಣೂ ಅದರ ಹಿಂದೇನೇ ಹೊರಟಿದೆ. ಕತ್ತರಿ ಕೆಳಗಿಡೋಣ ಅಂತ ಹೋದ ಮಳೆಗಾಲದಿಂದ ಕಾಯ್ತಾ ಇದೀನಿ."

"ಮತ್ತೆ ಇಡಬಾರ್ದಿತ್ತಾ?"

"ಹೆಂಗಿಡ್ಲಿ? ಬರ್ತೀರಿ, ಕೂತ್ಕೋತೀರಿ, ಭಾಳ ಚೆನ್ನಾಗಿದೆ ಅಂತೀರಿ. ಇಷ್ಟು ನಂಬ್ಕೊಂಡಿರೋರ ಮುಖದ ಮೇಲೆ ಬಾಗ್ಲು ಹಾಕೋದು ಹೆಂಗೆ? ನಾನು ಮುಚ್ಚಿದ್ರೆ ನೀವೆಲ್ಲ ಎಲ್ಲಿಗೋಗ್ತೀರಿ ಅಂತ ನಂಗೆ ಸಂಕಟ."

ಸಂಗ್ವಿಯನ್ ಗಂಟಲು ಸರಿಮಾಡಿಕೊಂಡ. ಇಷ್ಟಾದ ಮೇಲೆ ಬಚ್ಚಿಡುವುದೇನಿದೆ?

"ತುಕ್ ಹತ್ರ ಹೋಗ್ತಾರಣ್ಣ. ಇಲ್ಲಿಂದೆದ್ದು ಸೀದಾ. ಅವ್ಳು ಅದಕ್ಕೆ ತೆಪ್ಪದ ರಿಪೇರಿ ಅಂತ ಹೆಸ್ರಿಟ್ಟಿದ್ದಾಳೆ."

ಬುನ್‌ಚುಯ್ ಅವನ ಕಡೆಗೆ ತಿರುಗಿ, ಮಂಜುಗಣ್ಣು ಕಿರಿದು ಮಾಡಿ ನೋಡಿದ. ತುಟಿ ನಡುಗಿತು. ಅಳುತ್ತಾನೆಂದು ಸಂಗ್ವಿಯನ್ ಅಂದುಕೊಳ್ಳುವಷ್ಟರಲ್ಲಿ ನಗತೊಡಗಿದ. ಹೊಟ್ಟೆ ಹಿಡಿದು, ಹಲಗೆ ಬಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಸಂಗ್ವಿಯನ್‌ಗೂ ಪೇಟೆಯಲ್ಲಿ ಬರದಿದ್ದ ನಗು ಈಗ ಬಂತು. ಇಬ್ಬರು ಮುದುಕರ ನಗುವಿಗೆ ತೆಪ್ಪ ಎಷ್ಟು ತೂಗಿತೆಂದರೆ, ಪಕ್ಕದ ತೆಪ್ಪಗಳವರು ಯಾವ ದೋಣಿ ಹೋಯಿತೆಂದು ಹೊರಗೆ ಬಂದು ನೋಡಿದರು.

ನಗು ಇಳಿದ ಮೇಲೆ ಬುನ್‌ಚುಯ್ ಮುಖ ಒರೆಸಿಕೊಂಡ. ಹೇಗೂ ಹೇಳುವ ದಿನ ಬಂದಿದೆ, ತನ್ನದೂ ಒಂದಿದೆ ಎಂದ. ಹೇಳು ಎಂದ ಸಂಗ್ವಿಯನ್.

"ಈ ಮೀನು. ಇನ್ಮೇಲೆ ತರ್ಬೇಡ. ನಂಗೆ ರೇತ್ ಮೀನು ಕಂಡ್ರಾಗಲ್ಲ. ಮೊದಲ್ನೇ ದಿನ ಚೆನ್ನಾಗಿದೆ ಅಂದ್ಬಿಟ್ಟೆ, ಆಮೇಲೆ ಹಿಂದಕ್ ಬರೋಕಾಗ್ಲಿಲ್ಲ. ಇಷ್ಟ್ ವರ್ಷದಿಂದ ನಮ್ಮನೆ ಬೆಕ್ಕು ತಿಂತಿದೆ."

ಆ ಬೆಕ್ಕು ಒಳಗಿನಿಂದ ಬಂದು ಬಾಗಿಲಲ್ಲಿ ಕೂತಿತ್ತು. ಕರುವಿನಷ್ಟು ದಪ್ಪ. ಸಂಗ್ವಿಯನ್ ಅದನ್ನು ನೋಡಿದ, ಮೀನನ್ನು ನೋಡಿದ. ನೋಯುವ ಬದಲು ಎದೆ ಹಗುರಾಯಿತು. ತನ್ನ ದೂರು ಒಂದೇ ಆಗಿದ್ದರೆ ಅದು ಭಾರ. ಈಗ ತಕ್ಕಡಿ ಸಮ. ಮೀನನ್ನು ಬೆಕ್ಕಿನ ಮುಂದಿಟ್ಟು, ನೀನೂ ಸತ್ಯ ಹೇಳಿಬಿಡು ಎಂದ. ಬೆಕ್ಕಿಗೆ ಮಾತ್ರ ಯಾವ ದೂರೂ ಇರಲಿಲ್ಲ.

ಗುರುವಾರ ಇಬ್ಬರೂ ಒಟ್ಟಿಗೆ, ಟೋಪಿಯಿಲ್ಲದೆ, ಪೇಟೆಯ ನಡುಬೀದಿಯಲ್ಲೇ ನಡೆದು ತುಕ್ ಅಂಗಡಿಗೆ ಹೋದರು. ಬೆಂಚಿನ ಮೇಲಿದ್ದ ಪೇಪರುಗಳು ಒಮ್ಮೆಗೇ ಮೇಲೆದ್ದವು. ಬುನ್‌ಚುಯ್ ಅವುಗಳಿಗೆಲ್ಲ ಕೈಮುಗಿದು, ತನ್ನ ಅಂಗಡಿ ಇವತ್ತಿನಿಂದ ಮುಚ್ಚಿದೆ, ಮಳೆ ಮುಗಿದ ಮೇಲೆ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸುತ್ತೇನೆ, ಇನ್ನು ಯಾರೂ ಒಂದು ತಲೆಗೆ ಎರಡು ಸಲ ಕಾಸು ಕೊಡಬೇಕಾಗಿಲ್ಲ ಎಂದ. ಪೇಪರುಗಳು ಮೆಲ್ಲಗೆ ಕೆಳಗಿಳಿದವು. ಒಂದೊಂದರ ಹಿಂದೆಯೂ ಒಂದೊಂದು ನಿಟ್ಟುಸಿರು ಇತ್ತು. ಮೇಷ್ಟರಂತೂ ಎದ್ದು ಅವನನ್ನು ತಬ್ಬಿಕೊಂಡರು. ತುಕ್ ಸಂಗ್ವಿಯನ್‌ನ ತಲೆ ಮುಗಿಸಿ ಹೇಗಿದೆ ಎಂದು ಕೇಳಿದಾಗ, ಅವನು ಭಾಳ ಚೆನ್ನಾಗಿದೆ ಎನ್ನಲು ಬಾಯಿ ತೆರೆದವನು ತಡೆದುಕೊಂಡು, ಎಡಗಡೆ ಒಂದು ಚೂರು ಉದ್ದವಾಯಿತೇನೋ ಎಂದ. ಅವಳು ಹೌದಲ್ಲ ಎಂದು ಎರಡು ಕತ್ತರಿ ಆಡಿಸಿದಳು. ಅಷ್ಟೆ. ಆಕಾಶ ಬೀಳಲಿಲ್ಲ. ಇಷ್ಟು ಸುಲಭವೆಂದು ಗೊತ್ತಿದ್ದರೆ ಒಂದು ಹಲ್ಲಾದರೂ ಉಳಿಯುತ್ತಿತ್ತು ಎಂದುಕೊಂಡ.

ಮದುವೆಯ ದಿನ ಸಂಗ್ವಿಯನ್ ಶಂಖ ಹಿಡಿದು ಧಾರಾಳವಾಗಿ ತಲೆ ಬಗ್ಗಿಸಿದ. ಫೋಟೋದವನು ಹಿಂದಿನಿಂದಲೂ ಒಂದು ಹೊಡೆದ. ಲಮೈ ಆ ನೆತ್ತಿಯನ್ನು ನೋಡಿ ಕಣ್ಣೊರೆಸಿಕೊಂಡಳು. ಮಗಳು ಹೋಗುತ್ತಾಳೆಂದು ಅತ್ತಳೆಂದು ಜನ ತಿಳಿದರು.

ಊಟಕ್ಕೆ ಬುನ್‌ಚುಯ್‌ಗೆ ಮನೆಯವರ ಮೇಜಿನಲ್ಲೇ ಜಾಗ. ಲಮೈ ಪ್ರೀತಿಯಿಂದ ಗರಿಗರಿಯಾಗಿ ಕರಿದ ಇಡೀ ರೇತ್ ಮೀನನ್ನು ತಂದು ಅವನ ಮುಂದೆಯೇ ಇಟ್ಟುಹೋದಳು. ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಬುನ್‌ಚುಯ್‌ಗೆ ಕಣ್ಣು ಕಾಣದಿದ್ದರೂ ಮೂಗು ಚೆನ್ನಾಗಿತ್ತು, ಮುಖ ಸಣ್ಣಗಾಯಿತು. ಸಂಗ್ವಿಯನ್ ಸದ್ದಿಲ್ಲದೆ ತಟ್ಟೆಯನ್ನು ಮೇಷ್ಟರ ಕಡೆಗೆ ಜರುಗಿಸಿ, ಅದರ ಜಾಗಕ್ಕೆ ಬೇಯಿಸಿದ ಹಂದಿಮಾಂಸದ ಬಟ್ಟಲು ಎಳೆದಿಟ್ಟ.

ಬುನ್‌ಚುಯ್ ಮೂಸಿ ನೋಡಿದ. "ಮೀನೆಲ್ಲೋಯ್ತೋ?"

"ದೋಣಿ ಬಂತಣ್ಣ," ಎಂದ ಸಂಗ್ವಿಯನ್. "ಅಲೆಗೆ ಆ ಕಡೆ ತೇಲೋಯ್ತು."