ಕಾರ್ಡೆಲ್ಲ ಚೆನ್ನಾಗವೆ

ಒಂದು ಮನೆಗೆ ಕಂಪ್ಯೂಟರ್ ಬಂದರೆ ಬೀದಿಯವರೆಲ್ಲ ಚಪ್ಪಲಿ ಬಿಟ್ಟು ಒಳಗೆ ಬಂದು ನೋಡಿ ಹೋಗುತ್ತಿದ್ದ ಕಾಲ ಅದು. ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಈ ತುದಿಯಿಂದ ಆ ತುದಿಯವರೆಗೂ ಪವರ್‌ಲೂಮಿನ ಸದ್ದು. ಆ ಸದ್ದಿನಲ್ಲೇ ನಾವು ಓದುತ್ತಿದ್ದೆವು, ಜಗಳವಾಡುತ್ತಿದ್ದೆವು, ಚೌಕಾಬಾರ ಆಡುತ್ತಿದ್ದೆವು. ಅಮಾವಾಸ್ಯೆಗೆ ಮಾತ್ರ ಮಗ್ಗಕ್ಕೆ ರಜೆ. ಅವತ್ತು ಪಕ್ಕದ ಮನೆಯ ಒಗ್ಗರಣೆಯ ಚಟಪಟವೂ ನಮಗೆ ಕೇಳುತ್ತಿತ್ತು.

ಅಂಥದೊಂದು ಅಮಾವಾಸ್ಯೆಯ ಬೆಳಿಗ್ಗೆ ನಾವು ಐವರು ನಡುಮನೆಯಲ್ಲಿದ್ದೆವು. ಅವರೆಕಾಯಿ ಕಾಲ. ಅಮ್ಮ ಮೊರದ ತುಂಬ ಕಾಯಿ ಹರವಿಕೊಂಡು ಬಿಡಿಸುತ್ತಿದ್ದಳು. ಸೊಗಡಿನ ವಾಸನೆ ಮನೆಯೆಲ್ಲ ತುಂಬಿತ್ತು. ಅಪ್ಪ ಮಗ್ಗದ ಎಣ್ಣೆ ಹತ್ತಿದ ಕೈಯನ್ನು ಬಟ್ಟೆಗೆ ಒರೆಸುತ್ತ ಗೋಡೆಗೆ ಒರಗಿದ್ದರು. ದೊಡ್ಡಪ್ಪ ಬೆತ್ತದ ಕುರ್ಚಿಯಲ್ಲಿ. ಚಿಕ್ಕಪ್ಪ ಕಂಪ್ಯೂಟರಿನ ಮುಂದೆ. ಅವರ ಪಕ್ಕದ ಸ್ಟೂಲಿನ ಮೇಲೆ, ಆರನೇ ಕ್ಲಾಸಿನ ನಾನು.

ದೊಡ್ಡಪ್ಪ ನಮ್ಮ ಮನೆಯ ಡಿಸೈನುಗಾರರು. ಸೀರೆಯ ಸೆರಗು, ಅಂಚು, ಬುಟ್ಟಾ ಎಲ್ಲವನ್ನೂ ಗ್ರಾಫ್ ಹಾಳೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಚೌಕಚೌಕವಾಗಿ ತುಂಬುತ್ತಿದ್ದರು. ಒಂದು ಚೌಕವೆಂದರೆ ಒಂದು ಎಳೆ. ಆ ಹಾಳೆ ನೋಡಿಯೇ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುವುದು, ಆ ಕಾರ್ಡುಗಳ ಸರವನ್ನು ಮಗ್ಗದ ಮೇಲೆ ತೂಗುಹಾಕುವುದು. ಕಾರ್ಡಿನ ತೂತು ಹೇಳಿದಂತೆ ಎಳೆ ಏಳುತ್ತದೆ, ಹೂವು ಮೂಡುತ್ತದೆ. ಹಿಂದಿನ ವರ್ಷ ದೊಡ್ಡಪ್ಪನ ಬಲಗೈಗೆ ನಡುಕ ಬಂದಿತ್ತು. ಕೈ ನೆಟ್ಟಗಿದ್ದಾಗ ಕೊನೆಯದಾಗಿ ಅವರು ಬರೆದದ್ದು ಹುರುಳಿ ಹೂವಿನ ಸೆರಗು. ಅದಕ್ಕಿನ್ನೂ ಕಾರ್ಡು ಹೊಡೆಸಿರಲಿಲ್ಲ. ಹೊಲದ ಬದುವಿನಲ್ಲಿ ಕಂಡೂ ಕಾಣದಂತಿರುವ ಆ ಪುಟ್ಟ ಹೂವನ್ನು ಸೀರೆಗೆ ತಂದವರು ಬೇರೆ ಯಾರೂ ಇರಲಿಲ್ಲ.

ಹಾಳೆಗಳ ಪೆಟ್ಟಿಗೆಗೆ ಗೆದ್ದಲು ಹಿಡಿದಾಗ ಚಿಕ್ಕಪ್ಪ ಒಂದು ದಾರಿ ಹುಡುಕಿದರು. ಅವರು ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕರು. ಅಲ್ಲಿ ಬೇಡವೆಂದು ಮೂಲೆಗೆ ಹಾಕಿದ್ದ ಯಂತ್ರವೊಂದನ್ನು ಕೇಳಿ ತಂದು, ಪತ್ರಿಕೆಯ ಜೊತೆ ಬಂದಿದ್ದ ಸಿಡಿಯಿಂದ, ಯಂತ್ರವನ್ನು ನಡೆಸುವ ಲಿನಕ್ಸ್ ಹಾಕಿದರು. ಆಮೇಲೆ ಒಂದು ವರ್ಷ, ದಿನಾ ಸ್ಕೂಲು ಬಿಟ್ಟು ಬಂದ ಮೇಲೆ ನಾನು ಹಾಳೆ ನೋಡಿ ಓದುವುದು, ಅವರು ಒತ್ತುವುದು. "ಎರಡು ಖಾಲಿ, ಮೂರು ಕೆಂಪು, ಒಂದು ಖಾಲಿ, ಐದು ಕೆಂಪು." ನನಗದು ಮಗ್ಗಿಯ ಹಾಗೆ ಬಾಯಿಗೆ ಬರುತ್ತಿತ್ತು. ಒಂದೊಂದು ಡಿಸೈನು ಒಳಗೆ ಸೇರಿದಂತೆಲ್ಲ, ಗೆದ್ದಲು ಮಗ್ಗದ ಮರಕ್ಕೂ ಹಬ್ಬೀತೆಂದು ಆ ಹಾಳೆಯನ್ನು ಅಮ್ಮ ಹಂಡೆಯ ಒಲೆಗೆ ಹಾಕುತ್ತಿದ್ದಳು.

"ಹಾಳೆ ಸುಟ್ಟರೆ ಆಮೇಲೆ ಗತಿಯೇನೋ?" ಅಂತ ಅಪ್ಪ ಕೇಳಿದ್ದರು.

"ಹೆದರ್ಕೋಬೇಡ ಅಣ್ಣ. ಇದರೊಳಗೂ ಮಗ್ಗದ ಥರಾನೇ ಕಾರ್ಡ್ ಇರುತ್ತೆ ಅಂದ್ಕೊ. ಹೂವೆಲ್ಲ ಅದರಲ್ಲಿ ಭದ್ರ" ಎಂದಿದ್ದರು ಚಿಕ್ಕಪ್ಪ. ಅಣ್ಣನಿಗೆ ತಿಳಿಯುವ ಮಾತಿನಲ್ಲಿ ಹೇಳಿದ್ದು, ಅಷ್ಟೆ.

ಆ ಅಮಾವಾಸ್ಯೆಗೆ ಆಗಬೇಕಿದ್ದದ್ದು ಇಷ್ಟು. ಹುರುಳಿ ಹೂವಿನ ಸೆರಗನ್ನು ಪ್ರಿಂಟು ತೆಗೆದು ಕಾರ್ಡು ಹೊಡೆಸಬೇಕು. ಸಾಲ ಕೇಳಿ ತಂದಿದ್ದ ಪ್ರಿಂಟರು ಹಳೆಯ ಕರ್ನಲ್ಲಿಗೆ ಒಗ್ಗಲಿಲ್ಲ, ಹೊಸ ಕರ್ನಲ್ ಹಾಕಬೇಕು.

"ಯಾವ ಕರ್ನಲ್ಲೋ? ಮಿಲಿಟ್ರಿಯವರು ಯಾಕೆ ಬಂದ್ರು ಇದರೊಳಗೆ?" ದೊಡ್ಡಪ್ಪ ಕೇಳಿದರು.

"ಆ ಕರ್ನಲ್ ಅಲ್ಲ ದೊಡ್ಡಣ್ಣ. ಇದು ಕಂಪ್ಯೂಟರಿನ ತಿರುಳು. ಮೊದಲು ಇದು ಎದ್ರೆ ಮಿಕ್ಕಿದ್ದೆಲ್ಲ ಏಳೋದು."

"ಅಂದ್ರೆ ನಮ್ಮ ಅತ್ತಿಗೆ ಇದ್ದಂಗೆ ಅನ್ನು" ಎಂದು ಅವರು ಅಮ್ಮನ ಕಡೆ ನೋಡಿ ನಕ್ಕರು. ತಮ್ಮನ ಹೆಂಡತಿಯನ್ನು ಚಿಕ್ಕಪ್ಪ ಕರೆಯುವಂತೆ ಅತ್ತಿಗೆ ಅನ್ನುವುದು ಅವರ ತಮಾಷೆ.

"ಅಮಾಸೆ ದಿನ ಹೊಸ ಕೆಲಸಕ್ಕೆ ಕೈ ಹಾಕ್ಬೇಕಿತ್ತಾ ರಘು?" ಎಂದಳು ಅಮ್ಮ ಚಿಕ್ಕಪ್ಪನಿಗೆ.

"ಮಗ್ಗ ನಿಂತಿರೋ ದಿನ ಕರೆಂಟು ಕುಣಿಯಲ್ಲ ಅತ್ತಿಗೆ. ಇವತ್ತೇ ಒಳ್ಳೇದು."

ಬೆಳಗಿನಿಂದ ಸಂಜೆಯವರೆಗೆ ಹೊಸ ಕರ್ನಲ್ ತಯಾರಾಗುತ್ತ, ಪರದೆಯ ಮೇಲೆ ಅಕ್ಷರಗಳು ಮಗ್ಗಕ್ಕೆ ಉದ್ದಕ್ಕೆ ಹೂಡಿದ ಹಾಸಿನ ಎಳೆಗಳಂತೆ ಮೇಲೆ ಸರಿಯುತ್ತಲೇ ಇದ್ದವು. ಹಿಚುಕಿದ ಬೇಳೆ ಸಾರು ಉಂಡು ಬಂದರೂ ಸರಿಯುತ್ತಿದ್ದವು. ದೀಪ ಹಚ್ಚುವ ಹೊತ್ತಿಗೆ ಚಿಕ್ಕಪ್ಪ "ಆಯ್ತು" ಎಂದು ಯಂತ್ರ ಆರಿಸಿ ಮತ್ತೆ ಹಚ್ಚಿದರು. ದಿನಾ 'ಲಿಲೋ' ಎಂದು ನಾಲ್ಕು ಇಂಗ್ಲಿಷ್ ಅಕ್ಷರ ಬಂದು ಮುಂದೆ ಹೋಗುತ್ತಿದ್ದ ಯಂತ್ರ, ಅವತ್ತು ಎಲ್, ಐ ಎಂದು ಎರಡೇ ಅಕ್ಷರ ತೋರಿಸಿ ನಿಂತಿತು.

"ಲಿ ಅಂದ್ಬಿಟ್ಟು ಸುಮ್ನಾಯ್ತಲ್ಲ" ಎಂದೆ. ಚಿಕ್ಕಪ್ಪ ಮತ್ತೆ ಆರಿಸಿ ಹಚ್ಚಿದರು, ಮತ್ತೆ ಅದೇ ಎರಡಕ್ಷರ.

ಜಾಗ ಸಾಲದೆಂದು ಚಿಕ್ಕಪ್ಪ ಕೆಲವು ಫೈಲುಗಳನ್ನು ಅಲ್ಲಿಂದಿಲ್ಲಿಗೆ ಸರಿಸಿದ್ದರು. ಸರಿಸಿದ ಮೇಲೆ, ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮಿಗೆ ಹೊಸ ಜಾಗ ಯಾವುದೆಂದು ಮತ್ತೆ ಹೇಳಿಕೊಡಬೇಕಂತೆ. ಅದೊಂದನ್ನು ಮರೆತಿದ್ದರು. ಇಂಥ ಹೊತ್ತಿಗೆಂದೇ ಮಾಡಿಟ್ಟಿದ್ದ ಫ್ಲಾಪಿ ಹಾಕಿದರೆ ಅದು ಗರಗರ ಅಂದಿತೇ ಹೊರತು ಓದಲಿಲ್ಲ. ನಾಲ್ಕು ದಿನ ಅವರು ಊಟ ಬಿಟ್ಟು ಅದರ ಮುಂದೆ ಕೂತರು. ದೊಡ್ಡಪ್ಪನೂ ಬೆತ್ತದ ಕುರ್ಚಿ ಬಿಟ್ಟು ಏಳಲಿಲ್ಲ.

"ಹೂವು ಒಳಗೇ ಇದೆ ದೊಡ್ಡಣ್ಣ, ಎಲ್ಲೂ ಹೋಗಿಲ್ಲ. ಬಾಗಿಲು ಮಾತ್ರ ತೆಗೀತಿಲ್ಲ. ಬೆಂಗಳೂರಲ್ಲಿ ಸ್ನೇಹಿತನ ಹತ್ರ ಬೇರೆ ಫ್ಲಾಪಿ ಮಾಡಿಸ್ಕೊಂಡು ಸಂಜೆಗೆ ಬಂದ್ಬಿಡ್ತೀನಿ" ಎಂದು ಐದನೆಯ ದಿನ ಬೆಳಿಗ್ಗೆ ಬಸ್ಸು ಹತ್ತಿದರು.

ಅಣ್ಣನ ಮುಖ ನೋಡಲಾಗದೆ ಅಪ್ಪ ಅವತ್ತೇ ಮಧ್ಯಾಹ್ನ ಮೂರ್ತಿಯನ್ನು ಕರೆತಂದರು. ಟಿ.ವಿ. ರಿಪೇರಿ ಮಾಡಿಕೊಂಡಿದ್ದು, ಹೊಸದಾಗಿ ಕಂಪ್ಯೂಟರ್ ಕೋರ್ಸ್ ಮುಗಿಸಿದ್ದ ಮನುಷ್ಯ, ಒಳ್ಳೆಯವನೇ. ಎರಡಕ್ಷರ ನೋಡಿ ತಲೆ ಕೆರೆದುಕೊಂಡ. ಪೆಟ್ಟಿಗೆಯ ಮುಚ್ಚಳ ತೆಗೆದು, ಬ್ರಷ್ಷಿನಿಂದ ಮಗ್ಗದ ಧೂಳು ಗುಡಿಸಿ, ಒಳಗಿದ್ದ ಹಸಿರು ಹಲಗೆಗಳನ್ನು ಒಂದೊಂದಾಗಿ ಕಿತ್ತು ನೋಡಿ ಮತ್ತೆ ಸಿಕ್ಕಿಸಿದ.

"ಕಾರ್ಡೆಲ್ಲ ಚೆನ್ನಾಗವೆ ಅಣ್ಣ. ಒಂದಕ್ಕೂ ಏನೂ ಆಗಿಲ್ಲ."

ಅಪ್ಪನ ಮುಖ ಅರಳಿತು. "ಅಣ್ಣ, ಕೇಳಿಸ್ತಾ? ಕಾರ್ಡೆಲ್ಲ ಚೆನ್ನಾಗವಂತೆ!"

ಚಿತ್ರ ತೋರಿಸುವ ಹಲಗೆಗೂ, ಸದ್ದು ಮಾಡುವ ಹಲಗೆಗೂ ಕಂಪ್ಯೂಟರಿನವರ ಮಾತಿನಲ್ಲಿ ಕಾರ್ಡ್ ಎಂದೇ ಹೆಸರು. ಚಿಕ್ಕಪ್ಪನ ಬಾಯಲ್ಲಿ ನಾನು ಅದನ್ನು ಕೇಳಿದ್ದೆ. ಅಪ್ಪ ಕೇಳಿರಲಿಲ್ಲ.

"ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕ್ಬಿಡ್ಲಾ? ಒಳಗೆ ಇರೋದು ಬೇಕಾಗಿದ್ದೇನಾದ್ರೂ..." ಎಂದು ಮೂರ್ತಿ ಕೇಳಿದ. ಕೇಳಲಿಲ್ಲ ಅನ್ನುವಂತಿಲ್ಲ.

"ಫಾರ್ಮ್ಯಾಟ್ ಅಂದ್ರೆ?"

"ಹಳೇದನ್ನ ತೆಗೆದು ಹೊಸದು ಕೂರಿಸೋದು."

ಅಪ್ಪನಿಗೆ ಅದು ಚೆನ್ನಾಗಿ ಗೊತ್ತಿದ್ದ ಕೆಲಸ. ಸಿಕ್ಕಾದ ಹಾಸನ್ನು ಕಡಿದು ತೆಗೆದು ಹೊಸ ಹಾಸು ಹೂಡುವುದು. ಹಾಸು ಕಡಿದರೆ ಮೇಲೆ ತೂಗುವ ಕಾರ್ಡಿಗೆ ಏನಾಗುತ್ತದೆ? "ನಮಗೆ ಬೇಕಾಗಿದ್ದೆಲ್ಲ ಕಾರ್ಡಲ್ಲಿದೆ ಕಣಪ್ಪ. ಕಾರ್ಡು ಮುಟ್ಬೇಡ, ಮಿಕ್ಕಿದ್ದು ಏನಾದ್ರೂ ಮಾಡು."

"ಕಾರ್ಡ್ ಯಾಕೆ ಮುಟ್ಟಲಿ ಅಣ್ಣ" ಎಂದ ಮೂರ್ತಿ.

"ಅಪ್ಪ, ಚಿಕ್ಕಪ್ಪ ಬರ್ಲಿ ಅಪ್ಪ" ಎಂದೆ.

"ದೊಡ್ಡೋರು ಮಾತಾಡೋವಾಗ ಬಾಯಿ ಹಾಕ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ಗಿರಿಜಾ?"

ಮೂರ್ತಿ ಸಿಡಿ ಹಾಕಿ ಕೀಲಿ ಒತ್ತಿದ. ಪರದೆಯ ಮೇಲೆ ಅಂಕಿ ಏರತೊಡಗಿತು. ಹತ್ತು, ಇಪ್ಪತ್ತು, ನಲವತ್ತು. ಮೂರ್ತಿಗೆ ಕಾಫಿ ಮಾಡೆಂದು ಅಪ್ಪ ಖುಷಿಯಿಂದ ಅಮ್ಮನಿಗೆ ಹೇಳಿದರು. ನೂರಾಯಿತು. ಬೇರೆ ಸಿಡಿ ಹೋಯಿತು. ಬಹಳ ಹೊತ್ತಾದ ಮೇಲೆ ನೀಲಿ ಆಕಾಶದಂಥ ಬಣ್ಣ ಬಂತು. ದೊಡ್ಡಪ್ಪ ಎದ್ದು, ಮೇಜು ಹಿಡಿದುಕೊಂಡು, ಪರದೆಯ ಹತ್ತಿರ ಬಗ್ಗಿದರು.

"ಎಲ್ಲಿ, ನಮ್ಮ ಹುರುಳಿ ಹೂವು ತೋರಿಸಪ್ಪ."

"ಯಾವ ಹೂವು ಯಜಮಾನ್ರೇ?"

ಅಪ್ಪ ಮೂರ್ತಿಯನ್ನು ನೋಡಿದರು. ಮೂರ್ತಿ ಅಪ್ಪನನ್ನು ನೋಡಿದ. ಕಾಫಿ ಲೋಟ ಒಯ್ಯಲು ಬಂದ ಅಮ್ಮ ಬಾಗಿಲಲ್ಲೇ ನಿಂತಳು.

ಚಿಕ್ಕಪ್ಪ ಸಂಜೆಯ ಬಸ್ಸಿಗೆ ಬಂದರು. ಫ್ಲಾಪಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದರು. "ಸಿಕ್ತು ದೊಡ್ಡಣ್ಣ!" ಎನ್ನುತ್ತಲೇ ಒಳಗೆ ಬಂದವರು ಆ ನೀಲಿ ಬಣ್ಣ ನೋಡಿದರು. ಒಂದು ಕಾಲಿನ ಚಪ್ಪಲಿ ಇನ್ನೂ ಬಿಟ್ಟಿರಲಿಲ್ಲ, ಹಾಗೇ ಹೊಸ್ತಿಲ ಮೇಲೆ ಕೂತುಬಿಟ್ಟರು. ಮರುದಿನ ಡಿಸ್ಕನ್ನು ಬಿಚ್ಚಿ ಬೆಂಗಳೂರಿಗೆ ಒಯ್ದರು. ಹಳೆಯದರ ಮೇಲೆ ಹೊಸದು ಬರೆದಾಗಿದೆ, ಏನೂ ಉಳಿದಿಲ್ಲ ಎಂದು ಅಲ್ಲಿಯವರು ವಾಪಸು ಕೊಟ್ಟರು.

ದೊಡ್ಡಪ್ಪ ಒಂದು ಹೊಸ ಗ್ರಾಫ್ ಹಾಳೆ ತರಿಸಿ ನನ್ನನ್ನು ಕರೆದರು. "ಪುಟ್ಟಿ, ನೀನು ಓದ್ತಿದ್ದೆಯಲ್ಲ. ಹೇಳು, ನೀನೇ ತುಂಬು. ನಾನು ನೋಡ್ತೀನಿ." ಹನ್ನೊಂದು ಸಾಲು ತಡೆಯಿಲ್ಲದೆ ಬಂತು. ಹನ್ನೆರಡನೆಯದರಲ್ಲಿ ಎರಡು ಖಾಲಿಯೋ ಮೂರು ಖಾಲಿಯೋ ಎಂದು ನಿಂತೆ. ಅವರು ಕಾದರು. ನಾನು ಅತ್ತೆ. "ಹೋಗ್ಲಿ ಬಿಡು ಮಗ, ನಂಗೂ ನೆನಪಿಲ್ಲ" ಎಂದು ಹಾಳೆ ಮಡಿಸಿದರು.

ಈಗ ನನ್ನ ಕೈಯಲ್ಲಿರುವ ಫೋನು ವಾರಕ್ಕೊಮ್ಮೆ ತಾನೇ ಆರಿ, ಹೊಸದಾಗಿ ತಾನೇ ಏಳುತ್ತದೆ, ಏನೂ ಕಳೆಯುವುದಿಲ್ಲ. ಬೇಡದ ಚಿತ್ರಗಳೂ ಹೋಗುವುದಿಲ್ಲ. ಹುರುಳಿ ಹೂವಿನ ಆ ಸೆರಗನ್ನು ಮಾತ್ರ ಯಾರೂ ಉಡಲಿಲ್ಲ, ಅದನ್ನು ಕಂಡವರೂ ಮನೆಯಲ್ಲಿ ಈಗ ನಾನೊಬ್ಬಳೇ. ಅಣ್ಣತಮ್ಮಂದಿರು ಒಟ್ಟಿಗೆ ಕೂತು ಆಡುತ್ತಿದ್ದ ಆ ತಮಾಷೆಗಳೂ ಆ ಅವರೆಕಾಯಿ ಕಾಲದಲ್ಲೇ ಮುಗಿದವು. "ಕಾರ್ಡ್ ಅಂತ ಹೇಳಿದ್ದು ನಾನೇ" ಎಂದು ಚಿಕ್ಕಪ್ಪ, "ಹೂಂ ಅಂದಿದ್ದು ನಾನೇ" ಎಂದು ಅಪ್ಪ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ದಿನ ಕಳೆದರು.

ಯುಗಾದಿಗೆ ಮುಂಚೆ ಅಪ್ಪ ಪೇಟೆಯಿಂದ ಯಾರದೋ ಸಿದ್ಧ ಡಿಸೈನಿನ ಕಾರ್ಡುಗಳನ್ನು ತಂದು ಮಗ್ಗಕ್ಕೆ ಏರಿಸಿದರು. ಮೊದಲ ಸೀರೆಯನ್ನು ಮಡಿಸಿ ದೊಡ್ಡಪ್ಪನ ತೊಡೆಯ ಮೇಲಿಟ್ಟರು. ಅವರು ಸೆರಗು ಬಿಚ್ಚಿ ನೋಡಿ, "ಚೆನ್ನಾಗಿದೆ" ಎಂದರು. ದಿನಾ ಮಗ್ಗದ ಮನೆಗೆ ಬಂದು ಕೂರುತ್ತಿದ್ದವರು ಮಾರನೆಯ ದಿನದಿಂದ ಬರಲಿಲ್ಲ.